ಬಿಸಿ ಕಾಳಿಗೆ ಕಾಚಂಪುಳಿ

ಮಡಿಕೇರಿಯ ಆಷಾಢದಲ್ಲಿ ಕೋಸಂಬರಿ ನಡೆಯುವುದಿಲ್ಲ. ಸೌತೆಕಾಯಿ ಹೆಚ್ಚುವಾಗಲೇ ಬೆರಳು ಮರಗಟ್ಟುತ್ತದೆ, ಇನ್ನು ಅದನ್ನು ಬಾಯಿಗಿಟ್ಟು ಅಗಿಯುವ ಮಾತೆಲ್ಲಿ ಬಂತು! ರಾಮನವಮಿಯ ಬಿಸಿಲಿಗೆಂದೇ ಹುಟ್ಟಿದ ತಿನಿಸು ಅದು. ನೆನೆಸಿದ ಹೆಸರುಬೇಳೆ, ಸೌತೆ, ತೆಂಗಿನತುರಿ, ನಿಂಬೆಹುಳಿ, ಪಕ್ಕದಲ್ಲೊಂದು ಲೋಟ ಪಾನಕ. ಬಯಲುಸೀಮೆಯ ಏಪ್ರಿಲ್‌ನಲ್ಲಿ ಅದು ಒಡಲಿಗೆ ತಂಪು. ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲೆ, ವಾರಗಟ್ಟಲೆ ಸೂರ್ಯ ಮುಖ ತೋರಿಸದ ಊರಿನಲ್ಲಿ ತಂಪು ಯಾರಿಗೆ ಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಎಲ್ಲರೂ ಕಣ್ಣಿಟ್ಟಿರುವುದು ಒಲೆಯ ಪಕ್ಕದ ಜಾಗದ ಮೇಲೆ.

ನಾನು ಅರಸೀಕೆರೆ ಕಡೆಯವಳು. ಬರಗಾಲ ಕಂಡ ಸೀಮೆಯಿಂದ 1980ರ ದಶಕದ ನಡುವೆ ಕನ್ನಡ ಪಾಠ ಹೇಳುವ ಕೆಲಸ ಸಿಕ್ಕಿ ಮಡಿಕೇರಿಗೆ ಬಂದೆ. ಮಳೆಯನ್ನು ದೇವರೆಂದು ಕೈಮುಗಿಯುವ ಊರಿನವಳಿಗೆ ಆ ದೇವರು ಮನೆಯೊಳಗೇ ಬಂದು ಕೂತರೆ ಏನಾಗಬೇಕು! ಗೋಡೆಗೆ ಪಾಚಿ, ಚಪ್ಪಲಿಗೆ ಬೂಷ್ಟು, ಪುಸ್ತಕದ ಬೆನ್ನಿಗೂ ಬೂಷ್ಟು. ಬಾಡಿಗೆ ಮನೆಯ ಒಡತಿ ಬಿದಿರಿನ ದೊಡ್ಡ ಬುಟ್ಟಿಯೊಂದನ್ನು ಕೊಟ್ಟು, ಒಳಗೆ ಕೆಂಡದ ಬಾಣಲೆ ಇಟ್ಟು, ಮೇಲೆ ಬಟ್ಟೆ ಹರಡುವುದನ್ನು ಕಲಿಸಿಕೊಟ್ಟರು. ಆ ಮಳೆಗಾಲವೆಲ್ಲ ನನ್ನ ಸೀರೆಗಳು ಹೊಗೆಯ ವಾಸನೆ ಹೊತ್ತೇ ತರಗತಿಗೆ ಬಂದವು. ಯಾರೂ ಮೂಗು ಮುಚ್ಚಲಿಲ್ಲ, ಎಲ್ಲರ ಬಟ್ಟೆಯೂ ಹಾಗೇ ಇತ್ತು.

ಸ್ಟಾಫ್ ರೂಮಿನಲ್ಲಿ ಗೆಳೆತನವಾದದ್ದು ಮೂವರ ಜೊತೆ. ಒಬ್ಬರು ವಿರಾಜಪೇಟೆ ಕಡೆಯ ಕೊಡವತಿ, ನನಗಿಂತ ಹಿರಿಯರು, ಅವರನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಇನ್ನೊಬ್ಬಳು ಮಕ್ಕಂದೂರಿನ ಹತ್ತಿರದವಳು, ಮನೆಯಲ್ಲಿ ಅರೆಭಾಷೆ. ಮೂರನೆಯವಳು ಸಿದ್ದಾಪುರದ ಮಲಯಾಳಿ ಹುಡುಗಿ, ವಿಜ್ಞಾನದವಳು. ನಾಲ್ವರ ಮನೆಮಾತೂ ಒಂದಲ್ಲ ಒಂದು ರೀತಿ ಬೇರೆ. ನನ್ನದೂ ಕನ್ನಡವೇ ಆದರೂ, 'ಬತ್ತೀನಿ', 'ಓಯ್ತೀನಿ' ಎಂದಾಗಲೆಲ್ಲ ಆ ಮೂವರೂ ಸೇರಿ ನಗುತ್ತಿದ್ದರು. ಕನ್ನಡ ಲೆಕ್ಚರರ್ ಒಬ್ಬಳ ಕನ್ನಡಕ್ಕೆ ನಗುವುದರಲ್ಲಿ ಅವರಿಗೆ ವಿಶೇಷ ಸುಖ.

ಕೊಡಗಿನ ಅತಿಥಿ ಸತ್ಕಾರದ ಬಗ್ಗೆ ಹೊರಗಿನವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳುವುದು ಸಸ್ಯಾಹಾರಿ ಅತಿಥಿಯ ಪಾಡನ್ನು. ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ ಹಬ್ಬಕ್ಕೆ ಅಕ್ಕನ ಮನೆಗೆ ಹೋದರೆ ಒಲೆಯ ಮೇಲೆ ಪಂದಿ ಕರಿ, ಪಕ್ಕದ ಹಬೆಪಾತ್ರೆಯಲ್ಲಿ ಅಕ್ಕಿತರಿಯ ಉಂಡೆ ಕಡಂಬುಟ್ಟು. ನನಗೊಬ್ಬಳಿಗಾಗಿ ಕುಂಬಳ ಕರಿ, ಕಡಲೆ ಕರಿ, ಶ್ಯಾವಿಗೆಯಂಥ ನೂಪುಟ್ಟಿಗೆ ಬೇರೆ ಬಟ್ಟಲಲ್ಲಿ ತುಪ್ಪ ಮತ್ತು ಜೇನು. 'ಇವಳೊಬ್ಬಳು ತಿನ್ನುವುದಿಲ್ಲವಲ್ಲ' ಎಂದು ಮುಖ ಸಿಂಡರಿಸಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಆದರೆ ಪ್ರತಿಯಾಗಿ ಅವರನ್ನು ಊಟಕ್ಕೆ ಕರೆಯುವ ದಿನ ಬಂತಲ್ಲ, ಆಗ ನನಗೆ ದಿಗಿಲು. ಪಂದಿ ಕರಿ ಬಡಿಸಿದವರಿಗೆ ಅನ್ನ, ಸಾರು, ಹಪ್ಪಳವೆಂದರೆ ಹೇಗೆ? ಒಬ್ಬಟ್ಟು ಮಾಡೋಣವೆಂದರೆ ಬಾಡಿಗೆ ಮನೆಯಲ್ಲಿದ್ದದ್ದು ಒಂದೇ ಸೀಮೆಎಣ್ಣೆ ಸ್ಟೌ.

ಅಂದು ಶುಕ್ರವಾರ, ಮಡಿಕೇರಿ ಸಂತೆಯ ದಿನ. ಜಡಿಮಳೆಯಲ್ಲಿ ಪ್ಲಾಸ್ಟಿಕ್ ಹೊದ್ದ ಸಂತೆಯಲ್ಲಿ ಸಿಕ್ಕಿದ್ದು ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು. ಸೀಮೆಬದನೆಯನ್ನು ಕೊಳ್ಳುವ ಅಗತ್ಯವೇ ಇರಲಿಲ್ಲ, ಹಿತ್ತಲ ಬೇಲಿಗೆ ಹಬ್ಬಿ ಬೇಡವೆಂದರೂ ಬಿಡುತ್ತಿತ್ತು. ಊರಿನಿಂದ ಅಮ್ಮ ಕಟ್ಟಿಕೊಟ್ಟ ಅಲಸಂದೆ ಡಬ್ಬಿಯಲ್ಲಿತ್ತು. ನಮ್ಮ ಕಡೆ ಗುಗ್ಗರಿ ಎಂದರೆ ಬರೀ ಕಾಳು ಬೇಯಿಸಿ ಒಗ್ಗರಣೆ ಹಾಕಿದ್ದು. ಅದಕ್ಕೆ ಬೆಂದ ತರಕಾರಿಯನ್ನು ಸಮಸಮ ಸೇರಿಸಿ, ಹಸಿ ಈರುಳ್ಳಿ, ಕೊತ್ತಂಬರಿ, ಹುಳಿ ಬೆರೆಸಿ, ಬಿಸಿ ಆರುವ ಮುಂಚೆ ದೊಡ್ಡ ಬಟ್ಟಲಲ್ಲಿ ಮಧ್ಯಕ್ಕಿಟ್ಟೆ. ಜೊತೆಗೆ ಅಕ್ಕಿ ರೊಟ್ಟಿ. ಗುಗ್ಗರಿಯೂ ಅಲ್ಲ, ಪಲ್ಯವೂ ಅಲ್ಲ, ಕೋಸಂಬರಿಯಂತೂ ಅಲ್ಲ. ಅರೆಭಾಷೆಯ ಗೆಳತಿ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿ, 'ಎಂಥದು ಮಾರಾಯ್ತಿ ಇದು?' ಎಂದಳು. ಸಿದ್ದಾಪುರದವಳು ಮೊದಲ ತುತ್ತಿಗೇ, 'ನಮ್ಮಲ್ಲಿ ಗಂಜಿಗೆ ಪಯರ್ ಮಾಡ್ತಾರಲ್ಲ, ಅದರ ತಂಗಿ' ಎಂದು ನಂಟು ಹಚ್ಚಿದಳು. ಅಕ್ಕ ಮಾತಾಡದೆ ತಿಂದರು. ಆಮೇಲೆ ಕೇಳಿದರು, 'ಹುಳಿಗೆ ಏನು ಹಾಕಿದ್ದು?'

'ನಿಂಬೆಹಣ್ಣು, ಅಕ್ಕ.'

'ಮಳೆಗಾಲದ ನಿಂಬೆಯಲ್ಲಿ ಎಂಥ ಇರ್ತದೆ, ಬರೀ ನೀರು.'

ಮುಂದಿನ ಸೋಮವಾರ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಹಳೇ ಕೆಮ್ಮಿನ ಔಷಧಿಯ ಬಾಟಲಿಯೊಂದಿತ್ತು, ಒಳಗೆ ಟಾರಿನಂಥ ಕಪ್ಪು ದ್ರವ. ಕಾಚಂಪುಳಿ.

ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಪಂದಿ ಕರಿಯ ಬಣ್ಣಕ್ಕೂ ಹುಳಿಗೂ ಕಾರಣ ಇದೇ ಎಂಬುದು ಈಗ ಪ್ರವಾಸಿಗರಿಗೂ ಗೊತ್ತು. ಅದು ಬರುವುದು ಪಶ್ಚಿಮಘಟ್ಟದ ಕಾಡುಮರವೊಂದರ ಹಣ್ಣಿನಿಂದ. ಉತ್ತರ ಕನ್ನಡದವರು ಉಪ್ಪಾಗೆ ಎನ್ನುತ್ತಾರೆ, ಕೇರಳದವರು ಕುಡಂಪುಳಿ ಎನ್ನುತ್ತಾರೆ. ಸಣ್ಣ ಕುಂಬಳದ ಹಾಗೆ ಗೀರುಗೀರಾದ ಹಣ್ಣು, ಮಾಗಿದಾಗ ಹಳದಿ. ಕೇರಳದಲ್ಲಿ ಸಿಪ್ಪೆಯನ್ನು ಒಣಗಿಸಿ, ಹೊಗೆಯಾಡಿಸಿ ಮೀನಿನ ಸಾರಿಗೆ ಹಾಕುತ್ತಾರೆ. ಕೊಡಗಿನ ದಾರಿ ಬೇರೆ. ಮಳೆಗಾಲದಲ್ಲಿ ಉದುರಿದ ಹಣ್ಣನ್ನು ಆರಿಸಿ ಬುಟ್ಟಿಯಲ್ಲಿ ರಾಶಿ ಹಾಕಿ ಬಿಡುತ್ತಾರೆ. ಅದು ಕೊಳೆತು, ರಸ ತೊಟ್ಟಿಕ್ಕಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಆ ರಸವನ್ನು ಗಂಟೆಗಟ್ಟಲೆ ಕುದಿಸಿದರೆ ಕಪ್ಪಾಗಿ, ಮಂದವಾಗಿ ಬರುತ್ತದೆ. ಒಂದು ಬುಟ್ಟಿ ಹಣ್ಣು ಕೊನೆಗೆ ಒಂದು ಸಣ್ಣ ಬಾಟಲಿಗೆ ಇಳಿದರೆ ಹೆಚ್ಚು. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಈ ಮಳೆಯೂರಿನಲ್ಲಿ ಬೂಷ್ಟು ಹಿಡಿಯದ ವಸ್ತುವೆಂದರೆ ನನಗೆ ಗೊತ್ತಿದ್ದಂತೆ ಇದೊಂದೇ. ಮೈ ಇಳಿಸುವ ಮಾತ್ರೆಗೆಂದು 1990ರ ದಶಕದಲ್ಲಿ ಹೊರದೇಶದವರು ಈ ಜಾತಿಯ ಸಿಪ್ಪೆಗೆ ಮುಗಿಬಿದ್ದರು, ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕಾಗಿ. ಅಕ್ಕ ಅದನ್ನು ಪೇಪರಿನಲ್ಲಿ ಓದಿ, 'ಕಾಚಂಪುಳಿ ತಿಂದು ತೆಳ್ಳಗಾದ ಕೊಡವನನ್ನು ಒಬ್ಬನನ್ನಾದರೂ ತೋರಿಸಲಿ' ಎಂದು ನಕ್ಕಿದ್ದರು.

ನಿಂಬೆಯ ಹುಳಿ ನಾಲಿಗೆಯ ತುದಿಗೆ ಚುರ್ರೆಂದು ತಾಗಿ ಮಾಯವಾಗುತ್ತದೆ. ಕಾಚಂಪುಳಿಯ ಹುಳಿ ನಿಧಾನಕ್ಕೆ ಬಂದು, ಗಂಟಲಿಗಿಳಿದ ಮೇಲೂ ನಿಲ್ಲುತ್ತದೆ, ಒಳಗೊಂದು ಒಗರು, ಒಂದಿಷ್ಟು ಸುಟ್ಟ ಬೆಲ್ಲದ ನೆನಪು. ಮಾಂಸದ ಕೊಬ್ಬನ್ನು ಕತ್ತರಿಸಲೆಂದು ಕಂಡುಕೊಂಡ ಹುಳಿ ಅದು. ಕಾಳಿನ ಹಿಟ್ಟುಹಿಟ್ಟಾದ ರುಚಿಗೂ ಅದೇ ಮದ್ದೆಂದು ಮೊದಲು ಹೇಳಿದವರು ಅಕ್ಕ. ಪಂದಿಗೆ ಹಾಕುವುದನ್ನು ಅಲಸಂದೆಗೆ ಹಾಕುವುದೇ ಎಂದು ಅವರ ಮನೆಯ ಹಿರಿಯರು ಗೊಣಗಿದರಂತೆ.

ಒಂದು ಕಟ್ಟಳೆ ಮಾತ್ರ ಅವರು ಗಟ್ಟಿಯಾಗಿ ಹೇಳಿದರು: ಕೊನೆಗೆ ಹಾಕಬೇಕು. ಪಂದಿ ಕರಿಗೂ ಅದು ಕೊನೆಗೇ. ಕಾಳಿನ ವಿಷಯದಲ್ಲಿ ಇದಕ್ಕೆ ಕಾರಣವನ್ನು ಸಿದ್ದಾಪುರದ ವಿಜ್ಞಾನದವಳು ವಿವರಿಸಿದಳು. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ನೀರಿನಲ್ಲಿ ಕುದಿದಾಗ ಕರಗುತ್ತದೆ, ಹುಳಿ ಸೇರಿದರೆ ಕರಗಲು ಒಪ್ಪುವುದಿಲ್ಲ. ಬೇಯುವ ಮೊದಲೇ ಹುಣಸೆಯನ್ನೋ ಟೊಮೆಟೊವನ್ನೋ ಹಾಕಿದ ಕಾಳು ಎಷ್ಟು ಹೊತ್ತಾದರೂ ಕಲ್ಲಾಗಿಯೇ ಉಳಿಯುವುದು ಅದಕ್ಕೇ. ಇನ್ನೊಂದು ಸಂಗತಿಯನ್ನೂ ಅವಳೇ ಹೇಳಿದ್ದು. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ, ಮುನ್ನೂರು ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಲೆಕ್ಕದಲ್ಲಿ. ಮಡಿಕೇರಿಯ ಕುದಿನೀರು ಸುಮಾರು 96 ಡಿಗ್ರಿ. ಹಾಗಾಗಿ ಅರಸೀಕೆರೆಯಲ್ಲಿ ಬೇಗ ಬೇಯುತ್ತಿದ್ದ ಕಾಳು ಇಲ್ಲಿ ತುಸು ತಡ ಮಾಡುತ್ತದೆ. ಪ್ರೆಶರ್ ಕುಕ್ಕರ್ ಇದ್ದರೆ ಆ ಚಿಂತೆಯಿಲ್ಲ. ಇದಲ್ಲದೆ ಮಳೆಗಾಲದ ಥಂಡಿ ಕುಡಿದ ಹಳೇ ಕಾಳು ಬೇಯುವ ಗುಣವನ್ನೇ ಕಳೆದುಕೊಳ್ಳುತ್ತದೆ, ಸೆಕೆಯೂ ಸೇರಿದರೆ ಇನ್ನೂ ಬೇಗ. ಕಾಳಿನ ಗಂಟನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದ ಹಿಂದಿನವರಿಗೆ ಪೆಕ್ಟಿನ್ ಗೊತ್ತಿರಲಿಲ್ಲ, ಕಾಳು ಗೊತ್ತಿತ್ತು.

ಆ ಮೇಲೆ ನಮ್ಮ ನಾಲ್ವರ ಕೂಟ ನನ್ನ ಮನೆಯಲ್ಲಿ ನಡೆದಾಗಲೆಲ್ಲ ಇದೇ ಬಟ್ಟಲು. ಕ್ರಮ ಹೀಗೆ ನಿಂತಿತು. ಅಲಸಂದೆಯನ್ನು ರಾತ್ರಿಯೇ ನೆನೆಹಾಕಿ, ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಉಪ್ಪು ಹಾಕಿ ಬೇಯಿಸುವುದು. ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ತಾನಾಗಿ ಸಿಪ್ಪೆ ಬಿಡಬಾರದು. ಹುರುಳಿಕಾಯಿಯನ್ನು ಒಂದಂಗುಲ ಉದ್ದಕ್ಕೆ ಮುರಿದು ತೆರೆದ ಪಾತ್ರೆಯಲ್ಲಿ ಬೇಯಿಸುವುದು, ಮುಚ್ಚಿದರೆ ಹಸಿರು ಬಣ್ಣ ಕಂದಿಹೋಗುತ್ತದೆ. ಸೀಮೆಬದನೆ, ಕ್ಯಾರೆಟ್ ದಪ್ಪ ಹೋಳು. ಈ ಹೊತ್ತಿಗೆ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು, ಒಂದು ಚಮಚ ಕಾಚಂಪುಳಿ, ಅರ್ಧ ಚಮಚ ಜೇನಿನಲ್ಲಿ ಕಲಸಿಟ್ಟಿರಬೇಕು. ಜಜ್ಜಿದ ಬೆಳ್ಳುಳ್ಳಿ ಮತ್ತು ಒಂದೆರಡು ಪರಂಗಿ ಮಾಲನ್ನು (ಆ ಗಿಣಿಮೂತಿಯ ಪುಟ್ಟ ಮೆಣಸಿನಕಾಯಿ, ಖಾರದಲ್ಲಿ ಮಾತ್ರ ಪುಟ್ಟದಲ್ಲ) ತೆಂಗಿನೆಣ್ಣೆಯಲ್ಲಿ ಬಾಡಿಸಿ, ನೀರು ಬಸಿದ ಬಿಸಿ ಕಾಳು-ತರಕಾರಿಯ ಮೇಲೆ ಸುರಿದು, ಕಲಸಿಟ್ಟ ಈರುಳ್ಳಿಯನ್ನು ತಕ್ಷಣ ಸೇರಿಸಿ ಮುಚ್ಚಿಡುವುದು. ಬಿಸಿ ಇದ್ದಾಗಲೇ ಎಂಬುದು ಇದರಲ್ಲಿ ಮುಖ್ಯ. ಬಿಸಿ ಕಾಳು ಹುಳಿಯನ್ನೂ ಎಣ್ಣೆಯನ್ನೂ ಒಳಕ್ಕೆಳೆದುಕೊಳ್ಳುತ್ತದೆ, ಆರಿದ ಕಾಳಿಗೆ ಅದು ಮೇಲುಮೇಲೆ ಸವರಿದಂತಾಗುತ್ತದೆ. ಕೊನೆಗೆ ಕುಟ್ಟಿದ ಕರಿಮೆಣಸು. ಅದಕ್ಕೆ ಕೊಡಗಿನಲ್ಲಿ ಬರವೇ? ತೋಟದ ಪ್ರತಿ ಸಿಲ್ವರ್ ಓಕ್ ಮರಕ್ಕೂ ಬಳ್ಳಿ ಹಬ್ಬಿರುತ್ತದೆ.

ಜೇನಿಗೆ ಮಾತ್ರ ಒಂದು ಕಾಲದಲ್ಲಿ ಬರ ಬಂತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳನ್ನು ಅಳಿಸಿಹಾಕುತ್ತ ಬಂದಾಗ ಕೊಡಗಿನ ಪೆಟ್ಟಿಗೆಗಳೂ ಖಾಲಿಯಾದವು. ಅಕ್ಕನ ಮನೆಯ ಹಿತ್ತಲಲ್ಲಿ ಸಾಲಾಗಿದ್ದ ಪೆಟ್ಟಿಗೆಗಳಲ್ಲಿ ಇರುವೆ ಗೂಡು ಕಟ್ಟಿದ್ದನ್ನು ನಾನೇ ಕಂಡೆ. ಆಗ ಕೆಲಕಾಲ ಬಟ್ಟಲಿಗೆ ಬೆಲ್ಲ ಹಾಕಿದೆವು. ತಿನ್ನಬಹುದಾಗಿತ್ತು, ಅಷ್ಟೇ.

ಈ ಬಟ್ಟಲಿನಲ್ಲಿ ಊರಿನದು ಯಾವುದು, ಪರಸ್ಥಳದ್ದು ಯಾವುದು ಎಂಬ ಚರ್ಚೆ ಒಮ್ಮೆ ಎದ್ದಿತು. ಲೆಕ್ಕ ಹಾಕಿದರೆ ಹುರುಳಿಕಾಯಿ, ಸೀಮೆಬದನೆ, ಮೆಣಸಿನಕಾಯಿ ಮೂರೂ ಅಮೆರಿಕ ಖಂಡದಿಂದ ಬಂದವು. ಅಲಸಂದೆ ಬಹು ಹಿಂದೆ ಆಫ್ರಿಕದಿಂದ ಬಂದದ್ದು. ಮಲೆನಾಡಿನ ಮೂಲದವು ಕರಿಮೆಣಸು, ಕಾಚಂಪುಳಿ, ತುಡುವೆ ಜೇನು ಮಾತ್ರ. ಬಂದವರಲ್ಲಿ ನಾನೂ ಒಬ್ಬಳೆಂದು ಗೆಳತಿಯರು ನನ್ನನ್ನೂ ಆ ಪಟ್ಟಿಗೆ ಸೇರಿಸಿದರು.

ಹುತ್ತರಿ ಹಬ್ಬ ಕಳೆದು ಚಳಿ ಬಿತ್ತೆಂದರೆ ಅಲಸಂದೆಗೆ ರಜೆ. ಸೋಮವಾರಪೇಟೆ, ಕುಶಾಲನಗರದ ಕಡೆಯಿಂದ ಅವರೆಕಾಯಿ ಬರುತ್ತದೆ. ಮಂಜು ಬಿದ್ದ ಮೇಲಿನ ಅವರೆಯ ಸೊಗಡು ಗೊತ್ತಿರುವವರಿಗೆ ನಾನು ಹೇಳಬೇಕಾದ್ದಿಲ್ಲ, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಹಾಸನದವಳಾದ ನನಗೆ ಅವರೆಗೆ ಕಾಚಂಪುಳಿ ಬೆರೆಸಲು ಮೊದಮೊದಲು ಕೈ ಹಿಂಜರಿಯಿತು. ಆ ಸೊಗಡಿಗೆ ಈ ಕಪ್ಪು ಹುಳಿ ಅಡ್ಡ ಬಂದೀತೆಂದು. ಅರ್ಧ ಅಳತೆ ಹಾಕಿದರೆ ಬರುವುದಿಲ್ಲ. ಡಿಸೆಂಬರ್ ಕೊನೆಗೆ ತೋಟದಲ್ಲಿ ಕಾಳುಮೆಣಸು ಇನ್ನೂ ಹಸಿರಾಗಿರುವಾಗ ಒಂದು ಗೊನೆ ಕಿತ್ತು, ಜಜ್ಜಿ, ಬಿಸಿ ಅವರೆಯ ಮೇಲೆ ಉದುರಿಸಿದರೆ ಒಣ ಮೆಣಸಿನಲ್ಲಿಲ್ಲದ ಒಂದು ಎಳೆಯ ಘಮ ಏಳುತ್ತದೆ. ಕಾಫಿ ಕುಯ್ಲಿನ ಕಾಲ ಅದು. ತೋಟದ ಕೆಲಸ ಮುಗಿಸಿ ಅಕ್ಕ ನೇರ ನಮ್ಮ ಮನೆಗೆ ಬಂದು, ಕೈಯ ಕಾಫಿ ಕಲೆ ಉಜ್ಜುತ್ತ ಸ್ಟೌ ಮುಂದೆ ಮಣೆ ಹಾಕಿ ಕೂರುತ್ತಿದ್ದರು. ತಟ್ಟೆಯೂ ಬೇಡ ಅವರಿಗೆ, ಬಟ್ಟಲಿನಿಂದಲೇ.

ಎಲ್ಲವನ್ನೂ ಬಟ್ಟಲಿಗೆ ಹಾಕಿ ನೋಡಿದ್ದೂ ಉಂಟು. ಕೊಡಗಿನ ಕಿತ್ತಳೆಯ ತೊಳೆ ಬಿಡಿಸಿ ಹಾಕಿದ್ದು ಚೆನ್ನಾಗಿತ್ತು, ಆದರೆ ತೋಟಗಳಲ್ಲಿ ರೋಗ ಹಿಡಿದು ಕಿತ್ತಳೆಯೇ ಅಪರೂಪವಾಯಿತು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ, 'ಹೆಸರು ಉಳಿಯಿತು, ಹಣ್ಣೆಲ್ಲಿ?' ಎಂದು ಕೇಳಿದವರು ಇದ್ದರು. ಬೇಯಿಸಿದ ಹಲಸಿನ ಬೀಜ ಕಾಳಿನ ಜೊತೆ ಸೊಗಸಾಗಿ ಹೊಂದುತ್ತದೆ. ಕಣಿಲೆ ಹೊಂದುವುದಿಲ್ಲ. ಅದು ಯಾರ ಜೊತೆಗೂ ಹೊಂದಿಕೊಳ್ಳುವ ಸ್ವಭಾವದ್ದಲ್ಲ, ಅದಕ್ಕೆ ತನ್ನದೇ ಕರಿ ಬೇಕು.

2018ರ ಆಗಸ್ಟ್ ನಡುವಿನ ಆ ಮಳೆಯನ್ನು ಕೊಡಗಿನವರ್‍ಯಾರೂ ಮರೆಯಲಾರರು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ತೋಟ ಮನೆ ಸಮೇತ ಜಾರಿ ಬಂದವು. ಸಂಪಾಜೆಯ ಹೆದ್ದಾರಿ ಕುಸಿಯಿತು. ಮಡಿಕೇರಿಯ ಸಭಾಭವನಗಳೆಲ್ಲ ಪರಿಹಾರ ಕೇಂದ್ರಗಳಾದವು. ಅರೆಭಾಷೆಯ ಗೆಳತಿ ಗಂಡ ಮತ್ತು ಅತ್ತೆಯೊಂದಿಗೆ ಉಟ್ಟ ಬಟ್ಟೆಯಲ್ಲಿ ನಮ್ಮ ಮನೆಗೆ ಬಂದಳು. ಮನೆ ನಿಂತಿತ್ತು, ಅದರ ಹಿಂದಿನ ತೋಟ ಇರಲಿಲ್ಲ. ಕರೆಂಟಿಲ್ಲ, ಫೋನಿಲ್ಲ, ಸಂತೆಗೆ ತರಕಾರಿ ಬರುವ ದಾರಿಗಳಲ್ಲಿ ಯಾವುದು ತೆರೆದಿದೆ ಯಾವುದು ಮುಚ್ಚಿದೆ ಎಂದು ಗಳಿಗೆಗೊಂದು ಸುದ್ದಿ. ಡಬ್ಬಿಯಲ್ಲಿ ಅಲಸಂದೆ ಇತ್ತು, ಬೇಲಿಯಲ್ಲಿ ಸೀಮೆಬದನೆ ಇತ್ತು, ಬಾಟಲಿಯ ತಳದಲ್ಲಿ ಕಾಚಂಪುಳಿ ಇತ್ತು. ಎರಡು ಹೊತ್ತೂ ಅದನ್ನೇ ಮಾಡಿದೆ. ಅವಳ ಅತ್ತೆಗೆ ಹಲ್ಲಿರಲಿಲ್ಲ, ಅವರಿಗೆ ಹಿಸುಕಿ ಕೊಟ್ಟೆವು. ಅಷ್ಟು ದಿನವೂ ಮಾತು ಕಡಿಮೆ. ಯಾರೋ ಬಂದು ಇಂಥವರ ಮನೆಯೂ ಹೋಯಿತಂತೆ ಎನ್ನುವರು, ಎಲ್ಲರೂ ಸುಮ್ಮನೆ ತಟ್ಟೆ ನೋಡುವರು. ಒಂದು ರಾತ್ರಿ ಗೆಳತಿ ಕೈ ತೊಳೆಯುತ್ತ, 'ಉಪ್ಪು ಕಡಿಮೆ ಆಗಿತ್ತು ಇವತ್ತು' ಎಂದಳು. ಅವಳು ಊಟದ ರುಚಿಯ ಬಗ್ಗೆ ಮಾತಾಡಿದ್ದು ಬಂದ ಮೇಲೆ ಅದೇ ಮೊದಲು. ನನಗೆ ಎಷ್ಟು ಹಗುರವೆನಿಸಿತೆಂದರೆ ಮರುದಿನ ಉಪ್ಪು ಜಾಸ್ತಿಯೇ ಬಿತ್ತು.

ಈಗ ಮಡಿಕೇರಿಯ ತಿರುವು ತಿರುವಿಗೂ ಹೋಂಸ್ಟೇ. ಅಲ್ಲಿನ ಊಟದ ಮೇಜಿನ ಮೇಲೆ ಸಲಾಡ್ ಎಂಬುದೊಂದು ಇರುತ್ತದೆ. ಫ್ರಿಜ್ಜಿನಿಂದ ತೆಗೆದ ಸೌತೆ, ಟೊಮೆಟೊ ಬಿಲ್ಲೆಗಳು, ಇಲ್ಲವೇ ಮೇಯನೇಸಿನಲ್ಲಿ ಮುಳುಗಿದ ಸ್ವೀಟ್ ಕಾರ್ನ್. ಹೊರಗೆ ಜಡಿಮಳೆ, ಬಂದವರು ಸ್ವೆಟರಿನ ಮೇಲೆ ಶಾಲು ಹೊದ್ದು ಅದನ್ನು ಮುಟ್ಟದೆ ಎದ್ದುಹೋಗುತ್ತಾರೆ. ಇದೇ ಮೇಜಿನ ಇನ್ನೊಂದು ತುದಿಯಲ್ಲಿ ಕಾಚಂಪುಳಿಯ ಬಾಟಲಿ ಮಾರಾಟಕ್ಕಿರುತ್ತದೆ! ಎರಡನ್ನೂ ಒಂದೇ ಬಟ್ಟಲಿಗೆ ತರುವ ಯೋಚನೆ ಅವರಿಗೆ ಬಂದಿಲ್ಲ.

ನಮ್ಮ ಈ ಬಟ್ಟಲನ್ನು ಕೆಲವರು ಇತ್ತೀಚೆಗೆ ಅಲಸಂದೆಯ ಬದಲು ರಾಜ್ಮಾ ಹಾಕಿ ಮಾಡುತ್ತಾರೆ. ಬಣ್ಣ ಚೆಂದ, ಅಡ್ಡಿಯಿಲ್ಲ. ಆದರೆ ಕಚ್ಚಿದರೆ ಕಟುಂ ಎನ್ನಬೇಕೆಂಬ ಆಸೆಗೆ ಅರೆಬೆಂದದ್ದನ್ನು ಬಡಿಸಬೇಡಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದೆ. ಬ್ರಿಟನ್‌ನಲ್ಲಿ 1976ರಲ್ಲಿ ಬರೀ ನೆನೆಸಿದ ರಾಜ್ಮಾ ತಿಂದ ಶಾಲಾ ಹುಡುಗರ ಗುಂಪೊಂದು ವಾಂತಿ ಭೇದಿಯಿಂದ ಮಲಗಿತ್ತು. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿದರೆ ಭಯವಿಲ್ಲ. ಸಣ್ಣ ಉರಿಯಲ್ಲಿ ಬೆಚ್ಚಗಿಟ್ಟರೆ ಸಾಲದು, ಅದು ಹಸಿಯದಕ್ಕಿಂತ ಕೆಟ್ಟದ್ದು. ಅಲಸಂದೆಗೆ ಇಷ್ಟು ಭಯ ಬೇಕಿಲ್ಲ, ನಾನು ಅದನ್ನೇ ನೆಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣವೆಂದು ಈಗ ಹೇಳಿಕೊಳ್ಳಬಹುದು.

ಅಕ್ಕ ತೀರಿಹೋಗಿ ಕೆಲವು ವರ್ಷಗಳಾದವು. ಸಿದ್ದಾಪುರದವಳು ನಿವೃತ್ತಿಯ ನಂತರ ಮಗಳ ಜೊತೆ ಕೊಚ್ಚಿಯಲ್ಲಿದ್ದಾಳೆ, ಅಲ್ಲಿ ಒಣ ಕುಡಂಪುಳಿಯ ನೀರು ಹಾಕಿ ಇದನ್ನು ಮಾಡಿ, ಸರಿಹೋಗಲಿಲ್ಲವೆಂದು ಫೋನಿನಲ್ಲಿ ಬೈಯುತ್ತಾಳೆ. ಸರಿಹೋಗುವುದಿಲ್ಲ, ಅದರ ಹೊಗೆವಾಸನೆ ಮೀನಿಗೇ ಸೈ. ನನ್ನ ಕಾಚಂಪುಳಿ ಈಗ ಅಕ್ಕನ ಸೊಸೆಯ ಮನೆಯಿಂದ ಬರುತ್ತದೆ. ಬಾಟಲಿ ಹೊಸತು, ಮೇಲೆ ಲೇಬಲ್ಲೂ ಇದೆ.

ನೀವು ಮಾಡುವುದಾದರೆ ಒಂದು ಮಾತು. ನಾಲ್ಕು ಜನಕ್ಕೆ ಒಂದೂವರೆ ಪಾವು ಅಲಸಂದೆ, ಅಷ್ಟೇ ತರಕಾರಿ, ಒಂದು ಚಮಚ ಕಾಚಂಪುಳಿ, ಅದಕ್ಕಿಂತ ಹೆಚ್ಚು ಬೇಡ. ಕಾಚಂಪುಳಿ ಸಿಗದಿದ್ದರೆ ಹುಣಸೆಯ ಗಟ್ಟಿ ರಸವನ್ನು ಒಂದು ಕುದಿ ಕುದಿಸಿ ಹಾಕಿ, ವಿನೆಗರ್ ಮಾತ್ರ ಹಾಕಬೇಡಿ. ಗೆಳೆಯರು ಬಂದು ಕೂತ ಮೇಲೆಯೇ ಒಗ್ಗರಣೆಗಿಡಿ, ಬರುವುದು ತಡವಾಗುತ್ತದೆಂದು ಮೊದಲೇ ಕಲಸಿಡಬೇಡಿ.